ಬೈದುಕೊಂಡೇ ನೋಡುವ ಪಾತ್ರಗಳು: ಬಸವನಗುಡಿಯ ಒಂದು ಇಂಗ್ಲಿಷ್ ನುಡಿಗಟ್ಟು ತರಗತಿಯ ವಿಮರ್ಶೆ

ಕಳೆದ ವರ್ಷದ ಒಂದು ಮಧ್ಯಾಹ್ನ ಒಂದೇ ಒಂದು ಇಂಗ್ಲಿಷ್ ವಾಕ್ಯ ನನ್ನನ್ನು ಮೂರು ಗಂಟೆ ಕುರ್ಚಿಯಿಂದ ಏಳಲು ಬಿಡಲಿಲ್ಲ. ನಾನು ಇಂಗ್ಲಿಷ್ ಧಾರಾವಾಹಿಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಬರೆಯುವವಳು. ನಟಿಯೊಬ್ಬರು ಸಂದರ್ಶನದಲ್ಲಿ ತಮ್ಮ ಪಾತ್ರವನ್ನು ಕುರಿತು, ಪ್ರೇಕ್ಷಕರು ‘ಲವ್ ಟು ಹೇಟ್’ ಮಾಡುವ ಹೆಂಗಸು ಎಂದಿದ್ದರು. ಪದಕ್ಕೆ ಪದ ಇಟ್ಟು ‘ನೀವು ದ್ವೇಷಿಸಲು ಪ್ರೀತಿಸುವ ಹೆಂಗಸು’ ಎಂದು ಬರೆದೆ, ಅಳಿಸಿದೆ. ‘ಪ್ರೀತಿಯ ಶತ್ರು’ ಎಂದು ಬರೆದೆ, ಅದು ಇನ್ನಾವುದೋ ಕಥೆಯ ಶೀರ್ಷಿಕೆಯಂತೆ ಕಂಡಿತು. ಕೊನೆಗೆ ‘ಎಲ್ಲರೂ ದ್ವೇಷಿಸುವ ಪಾತ್ರ’ ಎಂದು ಬರೆದು ಕಳುಹಿಸಿದೆನಾದರೂ, ವಾಕ್ಯದ ಅರ್ಧ ಜೀವವನ್ನು ನಾನೇ ತೆಗೆದೆನೆಂಬ ಕೊರಗು ಉಳಿಯಿತು, ಏಕೆಂದರೆ ಆ ನಟಿ ಆ ಮಾತನ್ನು ಹೇಳಿದ್ದು ಬೇಸರದಿಂದಲ್ಲ, ಹೆಮ್ಮೆಯಿಂದ.

ಆ ಕೊರಗೇ ನನ್ನನ್ನು ಈ ತರಗತಿಗೆ ಕರೆದೊಯ್ದಿತು. ಗಾಂಧಿಬಜಾರಿನ ಒಂದು ಅಡ್ಡರಸ್ತೆಯ ಕಟ್ಟಡದ ಮೊದಲ ಮಹಡಿಯಲ್ಲಿ ಸಣ್ಣದೊಂದು ಭಾಷಾ ಕೇಂದ್ರವಿದೆ. ಅಲ್ಲಿ ಶನಿವಾರ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ, ಒಟ್ಟು ಎಂಟು ವಾರ, ಟಿ.ವಿ. ಪಾತ್ರಗಳ ಮೂಲಕ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುತ್ತಾರೆ. ಅದರಲ್ಲೂ ಜನ ಬಾಯ್ತುಂಬ ಬೈದು, ಆದರೂ ಒಂದು ಕಂತನ್ನೂ ಬಿಡದೆ ನೋಡುವ ಪಾತ್ರಗಳ ಸುತ್ತ ಹುಟ್ಟಿಕೊಂಡ ಮಾತುಗಳೇ ಈ ಪಾಠದ ತಿರುಳು. ಶುಲ್ಕ 3,200 ರೂಪಾಯಿ. ಪಾಠ ಹೇಳುವವರು ನಿವೃತ್ತ ಕಾಲೇಜು ಅಧ್ಯಾಪಕರು, ಎಲ್ಲರಿಗೂ ‘ಮೇಷ್ಟ್ರು’. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಕೇಂದ್ರದ ಕಚೇರಿಯ ವಿಷಯದಲ್ಲಿ ನನಗೆ ದೂರುಗಳಿರುವುದರಿಂದ ಅದರ ಹೆಸರನ್ನೂ ನಾನಾಗಿಯೇ ಬಿಟ್ಟಿದ್ದೇನೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದು ಹೋಗುತ್ತಿದ್ದೆ. ಎಂಟು ತರಗತಿಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ.

ಮೊದಲ ದಿನವೇ ಮೇಷ್ಟ್ರು ನನ್ನ ಗಂಟನ್ನು ಬಿಚ್ಚಿಟ್ಟರು. ಹಲಗೆಯ ಮೇಲೆ ‘ಐ ಲವ್ ಟು ಸಿಂಗ್’ ಎಂದು ಬರೆದು, ಇಲ್ಲಿ ಪ್ರೀತಿ ಯಾರ ಮೇಲೆ ಎಂದು ಕೇಳಿದರು. ಹಾಡುವುದರ ಮೇಲೆ ಎಂದು ಎಲ್ಲರೂ ಹೇಳಿದೆವು. ಹಾಗಾದರೆ ‘ಲವ್ ಟು ಹೇಟ್’ ಎಂಬಲ್ಲಿಯೂ ಪ್ರೀತಿ ಆ ಪಾತ್ರದ ಮೇಲಲ್ಲ, ಆ ಪಾತ್ರವನ್ನು ಬೈಯುವ ಕೆಲಸದ ಮೇಲೆ, ಎಂದು ಅವರು ಕೆಳಗೆ ಗೆರೆ ಎಳೆದರು. ನಾನು ಮೂರು ಗಂಟೆ ಒದ್ದಾಡಿದ್ದು ಪ್ರೀತಿಯನ್ನು ತಪ್ಪು ಕಡೆ ಕಟ್ಟಿದ್ದರಿಂದ. ಇನ್ನೊಂದು ಗಂಟು ‘ಹೇಟ್’ ಎಂಬ ಪದದಲ್ಲಿಯೇ ಇತ್ತು. ಇಂಗ್ಲಿಷರು ಸೋಮವಾರವನ್ನು ‘ಹೇಟ್’ ಮಾಡುತ್ತಾರೆ, ಈರುಳ್ಳಿಯನ್ನು ‘ಹೇಟ್’ ಮಾಡುತ್ತಾರೆ. ನಮ್ಮಲ್ಲಿ ಈರುಳ್ಳಿ ಕೆಲವರಿಗೆ ಸೇರುವುದಿಲ್ಲ, ಅಷ್ಟೇ. ಅದನ್ನು ಯಾರೂ ದ್ವೇಷಿಸುವುದಿಲ್ಲ. ದ್ವೇಷವೆಂಬುದು ಕನ್ನಡದಲ್ಲಿ ದಾಯಾದಿಗಳ ನಡುವೆ ಬೆಳೆದು, ಕೋರ್ಟು ಕಚೇರಿ ಸುತ್ತಿ, ಮುಂದಿನ ತಲೆಮಾರಿಗೂ ಉಳಿಯುವ ಭಾರದ ಮಾತು. ಆ ಭಾರವನ್ನು ಒಂದು ಧಾರಾವಾಹಿಯ ಪಾತ್ರದ ಮೇಲೆ ಹೊರಿಸಿದ್ದರಿಂದಲೇ ನನ್ನ ವಾಕ್ಯ ಮುಗ್ಗರಿಸಿತ್ತು. ಇಷ್ಟು ವರ್ಷ ಈ ಕಸುಬಿನಲ್ಲಿದ್ದು, ‘ಹೇಟ್’ ಎಂದ ತಕ್ಷಣ ಕಣ್ಣು ಮುಚ್ಚಿ ‘ದ್ವೇಷ’ ಎಂದು ಬರೆಯುತ್ತಿದ್ದೆನೆಂಬುದು ಅಂದು ಮನಸ್ಸಿಗೆ ಬಂತು.

ಈ ನುಡಿಗಟ್ಟಿನ ಹಿನ್ನೆಲೆಯನ್ನೂ ಅವರು ಹೇಳಿದರು. ಮೊದಲ ಮಹಾಯುದ್ಧದ ಕಾಲದಲ್ಲಿ, ಮೂಕಿ ಚಿತ್ರಗಳಲ್ಲಿ ಕ್ರೂರ ಜರ್ಮನ್ ಅಧಿಕಾರಿಯ ಪಾತ್ರಗಳನ್ನು ಮಾಡುತ್ತಿದ್ದ, ವಿಯೆನ್ನಾದಲ್ಲಿ ಹುಟ್ಟಿದ ನಟ ಎರಿಕ್ ವಾನ್ ಸ್ಟ್ರೋಹೈಮ್ ಅವರನ್ನು ಹಾಲಿವುಡ್‌ನವರು ಜನರೆದುರು ನಿಲ್ಲಿಸಿದ್ದು ‘ದ ಮ್ಯಾನ್ ಯೂ ಲವ್ ಟು ಹೇಟ್’ ಎಂಬ ಬಿರುದಿನೊಂದಿಗೆ. ಬೈಯಲು ಬನ್ನಿ ಎಂದು ಕರೆದೇ ಟಿಕೆಟ್ ಮಾರಿದರು. ನೂರು ವರ್ಷ ಕಳೆದ ಮೇಲೆಯೂ ನಟರು ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದರ ಗುಟ್ಟು ಅಲ್ಲಿದೆ.

ಎರಡನೆಯ ತರಗತಿ ಪೂರ್ತಿ ಜೆ.ಆರ್. ಯೂಯಿಂಗ್ ಎಂಬ ಒಬ್ಬ ಮನುಷ್ಯನಿಗೇ ಮೀಸಲಾಗಿತ್ತು. ನನ್ನ ಮಟ್ಟಿಗೆ ಇಡೀ ಕೋರ್ಸಿನಲ್ಲಿ ಅತ್ಯುತ್ತಮವಾದುದು ಇದೇ. 1978ರಲ್ಲಿ ಅಮೆರಿಕದ ಸಿ.ಬಿ.ಎಸ್. ವಾಹಿನಿಯಲ್ಲಿ ಶುರುವಾದ ‘ಡಲ್ಲಾಸ್’ ಧಾರಾವಾಹಿ ಮೊದಲು ಹೊರಟಿದ್ದು ಒಬ್ಬ ತಮ್ಮ ಮತ್ತು ಅವನ ಹೊಸ ಹೆಂಡತಿಯ ಕಥೆಯಾಗಿ. ಅಣ್ಣ ಜೆ.ಆರ್. ಪಕ್ಕದ ಪಾತ್ರ. ತೈಲದ ವ್ಯವಹಾರದಲ್ಲಿ ಒಡಹುಟ್ಟಿದವರಿಗೂ ಮೋಸ ಮಾಡುವ, ಹೆಂಡತಿಯನ್ನು ನೋಯಿಸುವ ಈ ಅಣ್ಣನನ್ನು ಲ್ಯಾರಿ ಹ್ಯಾಗ್‌ಮನ್ ಅಗಲವಾದ ಟೋಪಿ ಮತ್ತು ಎಂದೂ ಮಾಸದ ನಗುವಿನೊಂದಿಗೆ ಎಷ್ಟು ಚೆನ್ನಾಗಿ ಮಾಡಿದರೆಂದರೆ, ನೋಡುನೋಡುತ್ತಿದ್ದಂತೆ ಕಥೆಯೆಲ್ಲ ಅವನ ಸುತ್ತ ಸುತ್ತತೊಡಗಿತು. 1980ರ ಮಾರ್ಚ್ 21ರಂದು ಪ್ರಸಾರವಾದ ಕಂತಿನ ಕೊನೆಯಲ್ಲಿ ಯಾರೋ ಅವನಿಗೆ ಗುಂಡು ಹಾರಿಸಿದರು. ಹಾರಿಸಿದವರು ಯಾರು ಎಂಬುದಕ್ಕೆ ಜನ ಎಂಟು ತಿಂಗಳು ಕಾದರು. ಅದೇ ವರ್ಷದ ನವೆಂಬರ್ 21ರಂದು ಉತ್ತರ ಸಿಕ್ಕಾಗ ಅಮೆರಿಕ ಒಂದರಲ್ಲೇ ಸುಮಾರು 8.3 ಕೋಟಿ ಜನ ಟಿ.ವಿ. ಮುಂದಿದ್ದರು. ಹಾರಿಸಿದವಳು ಅವನ ನಾದಿನಿ.

ಇದಿಷ್ಟು ಎಲ್ಲಿ ಬೇಕಾದರೂ ಸಿಗುವ ವಿವರ. ಮೇಷ್ಟ್ರ ಪಾಠ ಶುರುವಾಗಿದ್ದು ಇದಾದ ಮೇಲೆ. ಒಂದು ದೃಶ್ಯವನ್ನು ದನಿಯಿಲ್ಲದೆ ತೋರಿಸಿ, ಜೆ.ಆರ್. ಯಾವ ಕ್ಷಣದಲ್ಲಿ ಸುಳ್ಳು ಹೇಳುತ್ತಿದ್ದಾನೆಂದು ಗುರುತಿಸಿರಿ ಎಂದರು. ನಗು ಅಗಲವಾದಾಗಲೆಲ್ಲ ಸುಳ್ಳು ಎಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಬ್ಯಾಂಕಿನ ನಿವೃತ್ತ ಉದ್ಯೋಗಿ ಪಟ್ಟನೆ ಹೇಳಿದರು. ಆಮೇಲೆ ದನಿ ಹಾಕಿ ನೋಡಿದಾಗ ಅವರ ಊಹೆ ನಿಜವಾಗಿತ್ತು. ಈಗ ಮೇಷ್ಟ್ರು ಪ್ರಶ್ನೆ ಹಾಕಿದರು: ನಿಮ್ಮ ಸಿಟ್ಟು ಯಾರ ಮೇಲೆ, ಜೆ.ಆರ್. ಮೇಲೋ, ಲ್ಯಾರಿ ಹ್ಯಾಗ್‌ಮನ್ ಮೇಲೋ, ಈ ಕಥೆ ಬರೆದವರ ಮೇಲೋ? ಜೆ.ಆರ್. ಮೇಲೆ ಮಾತ್ರ ಎಂದು ಎಲ್ಲರೂ ಒಪ್ಪಿದೆವು. ನಟನ ಮೇಲೆ ಮೆಚ್ಚುಗೆಯೇ ಇತ್ತು. ಸಿಟ್ಟು ಕಥೆಯೊಳಗೆ ಉಳಿದರೆ ಅದು ‘ಲವ್ ಟು ಹೇಟ್’, ಕಥೆಯ ಗೋಡೆ ದಾಟಿ ನಟನ ಮೇಲೋ ಬರಹದ ಮೇಲೋ ಬಂದರೆ ಅದಕ್ಕೆ ಬೇರೆ ಮಾತುಗಳಿವೆ ಎಂದು ಅವರು ಮುಂದುವರಿಸಿದರು. ಈ ತರಗತಿಗೆ ನಾನು ಕೊಟ್ಟ ಹಣ ಈ ಒಂದು ವಿವೇಚನೆಗೇ ಸಂದಿತು ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ. ನಿಘಂಟುಗಳು ನುಡಿಗಟ್ಟಿನ ಅರ್ಥ ಕೊಡುತ್ತವೆ, ಆದರೆ ಅದರ ಬಾಣ ಯಾರ ಕಡೆ ತಿರುಗಿದೆಯೆಂದು ಹೇಳುವುದು ಕಡಿಮೆ.

ಆ ವಾರ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಅವರೆಕಾಯಿಯ ಕಾಲ. ರಾತ್ರಿ ಏಳೂವರೆಗೆ ಅಮ್ಮ ನೆನೆಸಿದ ಅವರೆಕಾಳಿನ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಟಿ.ವಿ. ಮುಂದೆ ಕುಳಿತಿದ್ದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನು ಹಿಸುಕಿದರೆ ಬೇಳೆ ಪಾತ್ರೆಗೆ ಚಿಮ್ಮುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಧಾರಾವಾಹಿಯಲ್ಲಿ ಕೇಡಿಗ ಸೊಸೆ ತೆರೆಗೆ ಬಂದಳೋ ಇಲ್ಲವೋ, ಅಮ್ಮನ ಬೆರಳುಗಳ ವೇಗ ಎರಡರಷ್ಟಾಯಿತು, ಬೇಳೆ ಪಾತ್ರೆ ದಾಟಿ ನೆಲಕ್ಕೆ ಹಾರತೊಡಗಿತು.

‘ಇವಳ ಮುಖ ನೋಡಿದ್ರೇ ಮೈ ಉರಿಯತ್ತೆ ಕಣೇ’ ಎಂದರು.

‘ಚಾನೆಲ್ ಬದಲಾಯಿಸ್ಲಾ ಅಮ್ಮಾ?’

‘ಸುಮ್ನಿರು, ಇವತ್ತಾದ್ರೂ ಸಿಕ್ಕಿಬೀಳ್ತಾಳೇನೋ ನೋಡೋಣ.’

ಮೇಷ್ಟ್ರು ಎರಡು ಗಂಟೆ ವಿವರಿಸಿದ ಭಾವ ಈ ಮೂರು ಮಾತಿನಲ್ಲಿ ಪೂರ್ತಿಯಾಗಿ ಕುಳಿತಿತ್ತು. ‘ಅಗ್ನಿಸಾಕ್ಷಿ’ಯ ಕಾಲದಲ್ಲಿ ಚಂದ್ರಿಕಾ ಎಂಬ ಪಾತ್ರಕ್ಕೂ ಅಮ್ಮ ಹೀಗೆಯೇ ನೆಟಿಕೆ ಮುರಿದಿದ್ದು ನೆನಪಾಯಿತು. ನಾನು ಅಂದು ರಾತ್ರಿ ಹಾಳೆಯೊಂದರಲ್ಲಿ ‘ಬೈದುಕೊಂಡೇ ಕಾದು ನೋಡುವ ಪಾತ್ರ’ ಎಂದು ಬರೆದಿಟ್ಟೆ. ಬೈಯುವುದೂ ಇದೆ, ಕಾಯುವುದೂ ಇದೆ, ‘ಬೈದುಕೊಂಡೇ’ ಎಂಬುದರ ಆ ಏಕಾರದಲ್ಲಿ ಸುಖವೂ ಇದೆ. ಸಬ್‌ಟೈಟಲ್ಲಿನ ಒಂದು ಸಾಲಿಗೆ ಸರಿಯಾಗಿ ಹಿಡಿಸುತ್ತದೆ.

ಅಮ್ಮ ‘ಸಿಕ್ಕಿಬೀಳ್ತಾಳೇನೋ’ ಎಂದದ್ದಕ್ಕೂ ಇಂಗ್ಲಿಷಿನಲ್ಲಿ ಸಿದ್ಧ ಮಾತುಗಳಿವೆ. ‘ಗೆಟ್ ಹರ್ ಕಮಪ್ಪನ್ಸ್’, ಅಂದರೆ ಅವಳಿಗೆ ತಕ್ಕ ಶಾಸ್ತಿಯಾಗುವುದು, ಎಂಬುದು ಒಂದು, ‘ಜಸ್ಟ್ ಡೆಸರ್ಟ್ಸ್’ ಎಂಬುದು ಇನ್ನೊಂದು. ಮೂರನೆಯ ತರಗತಿಯಲ್ಲಿ ಎರಡನೆಯದು ಬಂದಾಗ ನಮ್ಮಲ್ಲಿ ಬಹುಪಾಲು ಮಂದಿ ಇದು ಊಟದ ಕೊನೆಗೆ ಬಡಿಸುವ ಸಿಹಿಯ ವಿಷಯವೆಂದೇ ತಿಳಿದಿದ್ದೆವು. ಉಚ್ಚಾರಣೆ ಒಂದೇ ಆದರೂ ಬರೆಯುವಾಗ ಸಿಹಿಯ ಪದದ ನಡುವೆ ಎಸ್ ಅಕ್ಷರ ಎರಡಿವೆ, ಇದರ ನಡುವೆ ಒಂದೇ ಇದೆ. ‘ಡಿಸರ್ವ್’ ಎಂಬ ಕ್ರಿಯಾಪದದ ನಂಟಿರುವ ಹಳೆಯ ಪದ, ತಕ್ಕದ್ದು, ಸಲ್ಲಬೇಕಾದದ್ದು ಎಂಬ ಅರ್ಥ. ಸಿಹಿಗೂ ಅದಕ್ಕೂ ಸಂಬಂಧವಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬರು ‘ಸರ್, ಮಾಡಿದ್ದುಣ್ಣೋ ಮಹರಾಯ’ ಎಂದರು. ತರಗತಿ ಒಂದು ಕ್ಷಣ ಸುಮ್ಮನಾಯಿತು. ಇಂಗ್ಲಿಷಿನಲ್ಲಿ ತಿನ್ನುವ ಮಾತಿನಂತೆ ಕಂಡು ತಿನ್ನುವುದಲ್ಲದ ನುಡಿಗಟ್ಟಿಗೆ, ಕನ್ನಡದಲ್ಲಿ ನಿಜವಾಗಿಯೂ ಉಣ್ಣುವ ಮಾತೇ ಸರಿಜೋಡಿಯಾಗಿ ಸಿಕ್ಕಿತ್ತು. ಮೇಷ್ಟ್ರು ಅದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಇಡೀ ಸಂಜೆ ಅಳಿಸಲಿಲ್ಲ.

ನಾಲ್ಕನೆಯ ವಾರ ಅವರು ಚೀಲದಿಂದ ಗುಂಡಗಿನ ಕಪ್ಪು ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಳದಿ ಮುಚ್ಚಳ, ಚೀಟಿಯ ಮೇಲೆ ಒಂದು ಅಡುಗೆ ಪಾತ್ರೆಯ ಚಿತ್ರ. ಅದು ಮಾರ್ಮೈಟ್. ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರಿನಲ್ಲಿ 1902ರಿಂದ ಮಾಡುತ್ತಿರುವ, ಬ್ರೆಡ್ಡಿಗೆ ಸವರಿ ತಿನ್ನುವ ಪದಾರ್ಥ. ಅದರ ರುಚಿಯ ವಿಷಯದಲ್ಲಿ ಬ್ರಿಟಿಷರಲ್ಲಿಯೇ ಎಷ್ಟು ಭಿನ್ನಾಭಿಪ್ರಾಯವೆಂದರೆ, 1996ರಲ್ಲಿ ಕಂಪನಿ ‘ಲವ್ ಇಟ್ ಆರ್ ಹೇಟ್ ಇಟ್’ ಎಂಬುದನ್ನೇ ತನ್ನ ಜಾಹೀರಾತಾಗಿ ಮಾಡಿಕೊಂಡಿತು. ಅಲ್ಲಿಂದ ಮುಂದೆ, ಅರ್ಧ ಜನ ಮೆಚ್ಚಿ ಅರ್ಧ ಜನ ಬೈಯುವ ಯಾವುದೇ ಪಾತ್ರವನ್ನು ಬ್ರಿಟಿಷರು ‘ಮಾರ್ಮೈಟ್’ ಎನ್ನತೊಡಗಿದರು.

ಮೇಷ್ಟ್ರು ಬ್ರೆಡ್ಡಿನ ಚೂರುಗಳಿಗೆ ತೆಳ್ಳಗೆ ಸವರಿ ಎಲ್ಲರಿಗೂ ಹಂಚಿದರು. ಅಂಟಂಟಾದ, ಗಾಢ ಕಂದು ಬಣ್ಣದ, ನಾಲಿಗೆಗೆ ತಾಕಿದ ಕೂಡಲೇ ಉಪ್ಪೇ ಉಪ್ಪು ಎನ್ನಿಸಿ ಆಮೇಲೆ ಮಾಂಸದ ಸಾರಿನಂಥ ಗಾಢತೆ ಬಿಟ್ಟುಹೋಗುವ ರುಚಿ. ‘ತಳ ಹಿಡಿದ ಹುಣಸೆ ತೊಕ್ಕಿನ ಹಾಗಿದೆ’ ಎಂದು ಮಲ್ಲೇಶ್ವರದಿಂದ ಬರುತ್ತಿದ್ದ ಗೃಹಿಣಿಯೊಬ್ಬರು ಚೂರನ್ನು ಕಾಗದದಲ್ಲಿ ಸುತ್ತಿಟ್ಟರು. ಅವರ ಪಕ್ಕದ ಹುಡುಗ ಇನ್ನೊಂದು ಚೂರು ಕೇಳಿದ. ಹದಿನೆಂಟು ಜನರಲ್ಲಿ ಹತ್ತು ಮಂದಿ ಬೇಡವೆಂದರು, ಎಂಟು ಮಂದಿ ಆಗಬಹುದೆಂದರು. ನಡುವೆ ಯಾರೂ ಇರಲಿಲ್ಲ. ‘ಲವ್ ಟು ಹೇಟ್’ ಪಾತ್ರಕ್ಕೂ ‘ಮಾರ್ಮೈಟ್’ ಪಾತ್ರಕ್ಕೂ ಇರುವ ವ್ಯತ್ಯಾಸ ನಮಗೆ ಬಾಯಿಯಿಂದಲೇ ತಿಳಿಯಿತು: ಮೊದಲನೆಯದರಲ್ಲಿ ಒಬ್ಬನೇ ನೋಡುಗನೊಳಗೆ ಬೈಗುಳವೂ ಆಸೆಯೂ ಒಟ್ಟಿಗೆ ಇರುತ್ತವೆ, ಎರಡನೆಯದರಲ್ಲಿ ನೋಡುಗರೇ ಎರಡು ಪಾಲಾಗುತ್ತಾರೆ. ಕನ್ನಡದ ಬರಹಗಳಲ್ಲಿ ಇವೆರಡನ್ನೂ ‘ವಿವಾದಿತ ಪಾತ್ರ’ ಎಂಬ ಒಂದೇ ಮುದ್ದೆ ಮಾಡಿ ಬಡಿಸುವುದನ್ನು ನೋಡಿದ್ದೇನೆ. ನಾನೂ ಹಾಗೆ ಬರೆದಿದ್ದೇನೆ, ಇನ್ನು ಬರೆಯುವುದಿಲ್ಲ.

‘ಪ್ಯಾಂಟೊಮೈಮ್ ವಿಲನ್’ ಎಂಬ ಮಾತಿಗೂ ಹೀಗೆಯೇ ಸಮಯ ಕೊಟ್ಟಿದ್ದರೆ ಚೆನ್ನಾಗಿತ್ತು. ಕ್ರಿಸ್‌ಮಸ್ ಸಮಯದಲ್ಲಿ ಬ್ರಿಟನ್ನಿನ ರಂಗಮಂದಿರಗಳಲ್ಲಿ ಮಕ್ಕಳಿಗಾಗಿ ಆಡುವ ಪ್ಯಾಂಟೊಮೈಮ್ ಆಟಗಳಲ್ಲಿ ಕೇಡಿಗ ಬಂದೊಡನೆ ಸಭೆಯೆಲ್ಲ ‘ಬೂ’ ಎಂದು ಕೂಗಿ ಬುಸುಗುಟ್ಟಬೇಕೆಂಬುದು ವಾಡಿಕೆ. ಕೇಡಿಗ ರಂಗದ ಎಡದಿಂದ ಬರುತ್ತಾನೆ, ಒಳ್ಳೆಯ ಯಕ್ಷಿಣಿ ಬಲದಿಂದ. ಆ ಬೈಗುಳ ಆಟದ ಒಂದು ಭಾಗ, ಅದರಲ್ಲಿ ಯಾರಿಗೂ ನೋವಿಲ್ಲ. ಪುತ್ತೂರಿನ ಕಡೆಯ ಸಹಪಾಠಿಯೊಬ್ಬರು ಯಕ್ಷಗಾನದ ಬಣ್ಣದ ವೇಷದ ಮಾತೆತ್ತಿದರು. ರಕ್ಕಸನ ವೇಷ ತೆರೆಯ ಹಿಂದಿನಿಂದ ಆರ್ಭಟಿಸುವಾಗ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತಾರೆ. ನಿದ್ದೆಗಣ್ಣಿನಲ್ಲಿದ್ದವರು ಎದ್ದು ಕೂರುತ್ತಾರೆ. ನಮ್ಮಲ್ಲಿ ಬೂ ಎನ್ನುವುದಿಲ್ಲ, ಆದರೆ ಆ ವೇಷಕ್ಕಾಗಿಯೇ ರಾತ್ರಿ ಪೂರ್ತಿ ಕಾಯುವವರಿದ್ದಾರೆ ಎಂದರು. ಈ ಮಾತು ಬೆಳೆಯಬೇಕಾಗಿತ್ತು. ಅಷ್ಟರಲ್ಲಿ ಗಂಟೆ ಆರೂವರೆಯಾಗಿ, ಮುಂದಿನ ತಂಡದವರು ಬಾಗಿಲಲ್ಲಿ ನಿಂತಿದ್ದರು.

ಸಿಟ್ಟು ಗೋಡೆ ದಾಟಿದಾಗ ಬಳಸುವ ಮಾತುಗಳು ಐದನೆಯ ವಾರಕ್ಕೆ ಬಂದವು. ಇಲ್ಲಿ ಮೇಷ್ಟ್ರಿಗಿಂತ ಹೆಚ್ಚು ಕಲಿಸಿದವನು ಒಬ್ಬ ಎಂಜಿನಿಯರ್. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಶಾಲೆಗಳಲ್ಲಿ ಓದಿದವರಿಗೆ ಡಬ್ಲ್ಯು.ಡಬ್ಲ್ಯು.ಎಫ್. ಎಂಬ ಅಮೆರಿಕದ ಟಿ.ವಿ. ಕುಸ್ತಿಯ ಟ್ರಂಪ್ ಕಾರ್ಡುಗಳ ನೆನಪಿರುತ್ತದೆ. ಅವನ ಕುಸ್ತಿಯ ಹುಚ್ಚು ಅಲ್ಲಿಂದ ಶುರುವಾದದ್ದು. ಆ ಕುಸ್ತಿಯ ಲೋಕದಲ್ಲಿ ಒಳ್ಳೆಯವನಿಗೆ ‘ಬೇಬಿಫೇಸ್’, ಕೆಟ್ಟವನಿಗೆ ‘ಹೀಲ್’, ಅಂದರೆ ಹಿಮ್ಮಡಿ, ಎಂದು ಹೆಸರು. ಕೆಟ್ಟವನು ಬಂದಾಗ ಸಭೆಯಿಂದ ಏಳುವ ಬೈಗುಳದ ಅಲೆಗೆ ‘ಹೀಟ್’ ಎನ್ನುತ್ತಾರೆ. ಈ ಕಾವು ಎಷ್ಟು ಏರಿದರೆ ಅವನ ಕಸುಬು ಅಷ್ಟು ಗೆದ್ದಂತೆ. ಆದರೆ ‘ಗೋ ಅವೇ ಹೀಟ್’ ಎಂಬುದು ಬೇರೆ: ಜನ ಅಲ್ಲಿ ಕೇಡಿಗನಿಗೆ ಬೈಯುತ್ತಿಲ್ಲ, ಈ ಮನುಷ್ಯನನ್ನು ಇನ್ನು ತೋರಿಸಬೇಡಿ, ಸಾಕು ಎನ್ನುತ್ತಿದ್ದಾರೆ. ಕಿವಿಗೆ ಎರಡೂ ಒಂದೇ ಕೂಗು. ಒಂದು ಕರೆಯುವ ಬೈಗುಳ, ಇನ್ನೊಂದು ಅಟ್ಟುವ ಬೈಗುಳ ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ.

ಅಟ್ಟುವ ಬೈಗುಳಕ್ಕೆ ಮೇಷ್ಟ್ರು ಕೊಟ್ಟ ಉದಾಹರಣೆ ‘ಸ್ಕೂಬಿ ಡೂ’ ಕಾರ್ಟೂನಿನ ಸ್ಕ್ರ್ಯಾಪಿ ಡೂ ಎಂಬ ಪುಟ್ಟ ನಾಯಿಮರಿ. 1979ರಲ್ಲಿ, ನೋಡುಗರು ಕಡಿಮೆಯಾಗಿ ಕಾರ್ಯಕ್ರಮ ನಿಲ್ಲುವ ಸ್ಥಿತಿಗೆ ಬಂದಾಗ, ಈ ಮರಿಯನ್ನು ತಂದು ಸೇರಿಸಿದರು. ಅದು ಬಂದ ಮೇಲೆ ನೋಡುಗರು ಹೆಚ್ಚಿದರು, ಕಾರ್ಯಕ್ರಮ ಉಳಿಯಿತು. ಆದರೂ ಹಳೆಯ ಅಭಿಮಾನಿಗಳು ಅದನ್ನು ಎಷ್ಟು ಹಳಿದರೆಂದರೆ, ಕಥೆ ಬರೆದವರು ಮುದ್ದಾಗಲೆಂದು ತಂದು ಜನರಿಗೆ ಕಿರಿಕಿರಿಯಾದ ಯಾವುದೇ ಪಾತ್ರಕ್ಕೂ ಅಭಿಮಾನಿಗಳ ಬಾಯಲ್ಲಿ ‘ಸ್ಕ್ರ್ಯಾಪಿ’ ಎಂಬುದೇ ಹೆಸರಾಯಿತು. ಜೆ.ಆರ್. ಯೂಯಿಂಗ್‌ನನ್ನು ಬೈಯಲೆಂದೇ ಸೃಷ್ಟಿಸಿದ್ದರು. ಸ್ಕ್ರ್ಯಾಪಿಯನ್ನು ಮುದ್ದಿಸಲೆಂದು ಸೃಷ್ಟಿಸಿದ್ದರು. ಬೈಗುಳ ಇಬ್ಬರಿಗೂ ಸಿಕ್ಕಿತು, ಜನಪ್ರಿಯತೆಯೂ ಇಬ್ಬರಿಗೂ ಇತ್ತು, ಆದರೆ ಇಬ್ಬರ ಬಗ್ಗೆ ಆಡುವ ಮಾತು ಒಂದಲ್ಲ.

ಉಳಿದ ಮಾತುಗಳಲ್ಲಿ ‘ಚೂ ದ ಸೀನರಿ’ಯನ್ನು ಚೆನ್ನಾಗಿ ವಿವರಿಸಿದರು: ಇಲ್ಲಿ ಸೀನರಿಯೆಂದರೆ ಬೆಟ್ಟಗುಡ್ಡವಲ್ಲ, ರಂಗದ ಪರದೆ ಮತ್ತು ಸಜ್ಜು, ನಟ ಆವೇಶದಲ್ಲಿ ಅದನ್ನೂ ಅಗಿದು ನುಂಗುವಂತೆ ಅಭಿನಯಿಸುತ್ತಾನೆ ಎಂಬ ಭಾವ. ‘ಗ್ರೋ ಆನ್’ ಎಂಬುದಕ್ಕೆ ‘ಬರಬರುತ್ತಾ ಹಿಡಿಸು’ ಎಂಬ ನಮ್ಮ ಮಾತು ಸಾಕು. ‘ಗೆಟ್ ಅಂಡರ್ ದ ಸ್ಕಿನ್’ ಎಂಬುದಕ್ಕೆ ಕಿರಿಕಿರಿ ಮಾಡು ಎಂಬ ಅರ್ಥವೂ, ಮನಸ್ಸಿನೊಳಗೆ ಹೊಕ್ಕು ಕೂರು ಎಂಬ ಅರ್ಥವೂ ಇದೆಯೆಂದು ಹೇಳಿ ಬಿಟ್ಟರು. ಸಂದರ್ಭ ಕೊಟ್ಟು ಅಭ್ಯಾಸ ಮಾಡಿಸಲಿಲ್ಲ. ‘ಜಂಪ್ ದ ಶಾರ್ಕ್’ ಎಂಬ ಮಾತಿಗೆ ಇಡೀ ಅರ್ಧ ಗಂಟೆ ಹೋಯಿತು. 1977ರಲ್ಲಿ ‘ಹ್ಯಾಪಿ ಡೇಸ್’ ಧಾರಾವಾಹಿಯ ನಾಯಕನೊಬ್ಬ ನೀರಿನ ಮೇಲೆ ಸ್ಕೀ ಮಾಡುತ್ತಾ ಶಾರ್ಕ್ ಮೀನನ್ನು ಹಾರಿ ದಾಟಿದ ಕಥೆ ಸ್ವಾರಸ್ಯವಾದುದೇ, ಆದರೆ ಅದು ಕಥೆ ಹಳಿ ತಪ್ಪುವುದರ ಬಗೆಗಿನ ಮಾತೇ ಹೊರತು ಪಾತ್ರದ ಬಗೆಗಿನದಲ್ಲ. ಆ ಅರ್ಧ ಗಂಟೆಯನ್ನು ಬಣ್ಣದ ವೇಷಕ್ಕೆ ಕೊಡಬಹುದಿತ್ತು.

ಇನ್ನು ಕೊರತೆಗಳು. ಕೇಂದ್ರದವರು ಮುದ್ರಿಸಿ ಕೊಡುವ ನಲವತ್ತು ಪುಟದ ಪುಸ್ತಿಕೆ ಈ ತರಗತಿಗೆ ತಕ್ಕುದಲ್ಲ. ಇಂಗ್ಲಿಷ್ ಭಾಗ ಮೇಷ್ಟ್ರದು, ಅಚ್ಚುಕಟ್ಟಾಗಿದೆ. ಕನ್ನಡ ಅರ್ಥಗಳನ್ನು ಕಚೇರಿಯವರು ಯಾವುದೋ ಯಂತ್ರಾನುವಾದದಿಂದ ತುಂಬಿಸಿದಂತಿದೆ. ‘ಗಿಲ್ಟಿ ಪ್ಲೆಶರ್’ಗೆ ‘ಅಪರಾಧಿ ಸಂತೋಷ’ ಎಂದಿದೆ. ‘ಹೇಟ್ ವಾಚಿಂಗ್’ಗೆ ‘ದ್ವೇಷ ವೀಕ್ಷಣೆ’ ಎಂದಿದೆ. ಒಂದು ಕಾರ್ಯಕ್ರಮ ಕೆಟ್ಟದಾಗಿದೆಯೆಂದು ಗೊತ್ತಿದ್ದೂ, ಅದನ್ನು ಆಡಿಕೊಳ್ಳುವ ಖುಷಿಗಾಗಿಯೇ ಕುಳಿತು ನೋಡುವುದೆಂಬ ಅದರ ಅರ್ಥ ಈ ಎರಡು ಪದಗಳಿಂದ ಯಾರಿಗೆ ಹೊಳೆಯುತ್ತದೆ? ಮೇಷ್ಟ್ರು ಬಾಯಲ್ಲಿ ಬಿಡಿಸಿಟ್ಟದ್ದನ್ನು ಪುಸ್ತಿಕೆ ಮತ್ತೆ ಕಟ್ಟಿಹಾಕುತ್ತದೆ. ಕನ್ನಡಿಗರಿಗೆ ಕಲಿಸುವ ಕೇಂದ್ರ ಕನ್ನಡದ ಭಾಗವನ್ನು ಇಷ್ಟು ಉದಾಸೀನ ಮಾಡಿದ್ದು ನನಗೆ ನೋವಿನ ವಿಷಯ.

ಎರಡನೆಯ ದೂರು ಇನ್ನೂ ಗಂಭೀರವಾದುದು. ಕೆಲಸದ ಸಂದರ್ಶನಕ್ಕೆ ತಯಾರಾಗುತ್ತಿದ್ದ ಒಬ್ಬ ಹುಡುಗಿಗೆ, ಇದು ಮಾತನಾಡುವ ಇಂಗ್ಲಿಷಿಗೆ ನೆರವಾಗುತ್ತದೆಂದು ಹೇಳಿ ಕಚೇರಿಯವರು ಸೇರಿಸಿಕೊಂಡಿದ್ದರು. ಎರಡು ವಾರ ಬಂದು, ಇದು ತನಗೆ ಬೇಕಾದುದಲ್ಲವೆಂದು ತಿಳಿದು ಹಣ ಕೇಳಿದಾಗ, ಕಟ್ಟಿದ ಶುಲ್ಕ ಹಿಂತಿರುಗಿಸುವ ಪದ್ಧತಿ ತಮ್ಮಲ್ಲಿಲ್ಲವೆಂದರು. ಮೇಷ್ಟ್ರಿಗೆ ಇದು ತಿಳಿದದ್ದು ಕೊನೆಯ ವಾರ. ಅವರಿಗಾದ ಬೇಸರವನ್ನು ಕಣ್ಣಾರೆ ಕಂಡೆ. ಸೇರುವ ಮುನ್ನ ಒಂದು ತರಗತಿಯಲ್ಲಿ ಕುಳಿತು ನೋಡಲು ಅವಕಾಶ ಕೇಳಿರಿ, ಕೊಡದಿದ್ದರೆ ಹಣ ಕಟ್ಟಬೇಡಿರಿ. ರಸ್ತೆ ಬದಿಯ ಕಿಟಕಿ ತೆರೆದಿದ್ದರೆ ವಾಹನಗಳ ಸದ್ದಿನಲ್ಲಿ ದೃಶ್ಯಗಳ ಮಾತು ಕೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಕೂರುವುದು ಒಳ್ಳೆಯದು.

ಮೇಷ್ಟ್ರ ಪಾಠದಲ್ಲಿಯೇ ಒಂದು ಕೊರತೆಯಿತ್ತು, ಅದನ್ನು ಅವರು ತಿದ್ದಿಕೊಂಡ ರೀತಿಗಾಗಿ ಹೇಳುತ್ತಿದ್ದೇನೆ. ಐದು ವಾರ ಕಳೆದರೂ ಉದಾಹರಣೆಗಳೆಲ್ಲ ಹೊರದೇಶದವು. ನಾನು ಎದ್ದು, ಸರ್, ನಮ್ಮ ಮನೆಗಳಲ್ಲಿಯೂ ಟಿ.ವಿ. ಇದೆಯಲ್ಲ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ವಾರ ಪ್ರತಿಯೊಬ್ಬರೂ ತಮ್ಮ ಮನೆಯವರು ಬೈಯುವ ಒಂದು ಪಾತ್ರವನ್ನೂ, ಬೈಯುವಾಗ ಬಳಸಿದ ಮಾತನ್ನೂ ಬರೆದು ತರಬೇಕೆಂದರು. ಆರನೆಯ ತರಗತಿ ಹಬ್ಬದಂತಾಯಿತು. ಬ್ಯಾಂಕಿನ ಹಿರಿಯರು 1987ರ ‘ರಾಮಾಯಣ’ವನ್ನು ತಂದರು. ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಬೀದಿಯೇ ನೆರೆಯುತ್ತಿದ್ದ ದಿನಗಳವು. ಅದರಲ್ಲಿ ರಾವಣನಾಗಿದ್ದ ಅರವಿಂದ ತ್ರಿವೇದಿ 1991ರಲ್ಲಿ ಗುಜರಾತಿನ ಸಾಬರಕಾಂಠಾದಿಂದ ಲೋಕಸಭೆಗೆ ಆರಿಸಿಬಂದರು ಎಂದು ಅವರು ನೆನಪಿಸಿದಾಗ, ಪಾತ್ರದ ಮೇಲಿನ ಸಿಟ್ಟೂ ನಟನ ಮೇಲಿನ ಆದರವೂ ಬೇರೆ ಬೇರೆಯೆಂಬುದಕ್ಕೆ ಮತ್ತೊಂದು ಸಾಕ್ಷಿ ಬೇಕಾಗಲಿಲ್ಲ. ಮಲ್ಲೇಶ್ವರದ ಗೃಹಿಣಿ ಟಿ.ವಿ. ಬಿಟ್ಟು ಸಿನಿಮಾಕ್ಕೆ ಹೋಗಿ ವಜ್ರಮುನಿಯವರ ಹೆಸರು ಹೇಳಿದರು. ಅವರ ‘ಯಲಾ ಕುನ್ನಿ’ ಎಂಬ ಗದರಿಕೆಗೆ ಹೆದರಿದ ಅದೇ ಜನ ಅವರನ್ನು ‘ನಟಭಯಂಕರ’ ಎಂದು ಕರೆದರು. ‘ಭಯಂಕರ’ ಎಂಬ ಪದವೇ ಮೆಚ್ಚುಗೆಯಾಗಿ ನಿಂತ ಬಿರುದು ಅದು. ಅಂಜಿಕೆಯೂ ಗೌರವವೂ ಒಂದೇ ಸಮಾಸದೊಳಗಿವೆ. ‘ಲವ್ ಟು ಹೇಟ್’ ಎಂಬುದಕ್ಕೆ ಕನ್ನಡ ಜನ ತಾವಾಗಿ ಕಂಡುಕೊಂಡ ಮಾತುಗಳಲ್ಲಿ ಇದು ಎಲ್ಲಕ್ಕಿಂತ ಚಂದದ್ದೆಂದು ನಾನು ನಂಬಿದ್ದೇನೆ. ಅಂದು ಎಲ್ಲರೂ ತಂದ ಬೈಗುಳಗಳು ಹಲಗೆಯ ತುಂಬ ಬಂದವು: ಕಂಡ್ರಾಗಲ್ಲ, ಹೊಟ್ಟೆ ಉರಿಸ್ತಾಳೆ, ತಲೆ ಚಿಟ್ಟು ಹಿಡಿಸ್ತಾನೆ, ಇವಳ ಮನೆ ಹಾಳಾಗ. ಒಂದೊಂದಕ್ಕೂ ಇದು ಕರೆಯುವ ಬೈಗುಳವೋ ಅಟ್ಟುವ ಬೈಗುಳವೋ ಎಂದು ಚರ್ಚಿಸಿ, ಎದುರಿಗೆ ಇಂಗ್ಲಿಷ್ ನುಡಿಗಟ್ಟು ಬರೆದೆವು. ಇದನ್ನು ಮೊದಲ ವಾರವೇ ಮಾಡಿಸಿದ್ದರೆ ಎಂಟು ವಾರಗಳ ಪಾಠ ಇನ್ನೂ ಗಟ್ಟಿಯಾಗುತ್ತಿತ್ತು.

ಇಂಗ್ಲಿಷ್ ಧಾರಾವಾಹಿಯೊಂದನ್ನು ತಕ್ಕಮಟ್ಟಿಗೆ ಅರ್ಥ ಮಾಡಿಕೊಂಡು ನೋಡಬಲ್ಲವರು, ಅನುವಾದ ಮಾಡುವವರು, ಸಿನಿಮಾ ಟಿ.ವಿ. ಬಗ್ಗೆ ಬರೆಯುವವರು, ಭಾಷೆಯ ಮೇಲೆ ಸುಮ್ಮನೆ ಪ್ರೀತಿಯಿರುವವರು ಧಾರಾಳವಾಗಿ ಸೇರಬಹುದು. ಕೆಲಸಕ್ಕಾಗಿ ಇಂಗ್ಲಿಷ್ ಬೇಕಾದವರು ಬೇರೆ ಕಡೆ ಹೋಗುವುದು ಮೇಲು. ಮುಂ‍ದಿನ ತಂಡ ಯುಗಾದಿಯ ನಂತರ ಶುರುವಾಗುತ್ತದೆ. ನಾನು ಎರಡನೆಯ ಹಂತಕ್ಕೆ ಹಣ ಕಟ್ಟಿದ್ದೇನೆ.

ಕೊನೆಯ ದಿನ ಮೇಷ್ಟ್ರು ಪುಸ್ತಿಕೆಯ ಒಂದು ಪ್ರತಿಯನ್ನು ನನ್ನ ಕೈಗಿತ್ತು, ‘ಕನ್ನಡದ ಕಡೆ ನೀವೇ ನೋಡಿಕೊಡಿ, ಅಮ್ಮಾ’ ಎಂದರು. ಈಗ ಒಂಬತ್ತನೆಯ ಪುಟದಲ್ಲಿದ್ದೇನೆ. ‘ಅಪರಾಧಿ ಸಂತೋಷ’ವನ್ನು ಹೊಡೆದುಹಾಕಿ ಎರಡು ದಿನ ಆ ಜಾಗ ಖಾಲಿ ಬಿಟ್ಟಿದ್ದೆ. ನಿನ್ನೆ ರಾತ್ರಿ ಅಮ್ಮನನ್ನು ಕೇಳಿದೆ: ಇಂಥದ್ದನ್ನೆಲ್ಲ ನೋಡುತ್ತೇನೆಂದು ನಾಲ್ಕು ಜನರೆದುರು ಹೇಳಿಕೊಳ್ಳಲು ನಾಚಿಕೆ, ಆದರೆ ಬಿಡಲು ಮನಸ್ಸಿಲ್ಲ, ಅಂಥದಕ್ಕೆ ಏನೆನ್ನುತ್ತೀರಿ? ಅಮ್ಮ ಟಿ.ವಿ.ಯಿಂದ ಕಣ್ಣು ತೆಗೆಯದೆ, ‘ಕದ್ದು ನೋಡೋ ಖುಷಿ’ ಎಂದರು. ಪೆನ್ಸಿಲ್ಲಿನಲ್ಲಿ ಅದನ್ನೇ ಬರೆದಿದ್ದೇನೆ.